ಬಲಗಡೆಯ ದೀಪದ ಮೇಲಿನ ಕುಂಕುಮ

ಆದ್ದರಿಂದ ಎರಡೂ ದೀಪಗಳು ಕೊನೆಯ ದಿನದವರೆಗೆ ಹಸಿರಾಗಿಯೇ ಇದ್ದವು ಎಂದು ಹೇಳಿದಲ್ಲಿಗೆ ನಿನ್ನೆ ನನ್ನ ಮಾತು ನಿಂತಿತ್ತು. ಇವತ್ತು ಅಲ್ಲಿಂದಲೇ ಹಿಡಿಯುತ್ತೇನೆ, ಏಕೆಂದರೆ ಸುಳ್ಳು ಇರುವುದು ಅಲ್ಲೇ.

ನನ್ನ ವಿವರ ನಿನ್ನೆಯ ಹಾಳೆಯಲ್ಲಿದೆ. ಆದರೂ ಪ್ರತಿ ಹೇಳಿಕೆಯಲ್ಲೂ ಇರಬೇಕು ಎಂದು ಹೆಡ್ ಕಾನ್‌ಸ್ಟೆಬಲ್ ಶ್ಯಾಮಲ ಮೇಡಂ ಹೇಳಿದ್ದರಿಂದ ಮತ್ತೆ ಬರೆಯುತ್ತೇನೆ. ಹೆಸರು ಕೋದಂಡಪ್ಪ, ತಂದೆ ದಿವಂಗತ ಚಿಕ್ಕಮುನಿಯಪ್ಪ, ವಯಸ್ಸು 62 ವರ್ಷ. ಕೆಲಸ, ಊರಿಗಾಂನ ಶ್ವಾಸಬಂಧು ಟ್ರಸ್ಟ್ ನಡೆಸುವ ಉಚಿತ ಎಕ್ಸ್‌ರೇ ಕೇಂದ್ರದಲ್ಲಿ ದಾಖಲೆ ಮತ್ತು ಕಂಪ್ಯೂಟರ್ ಕೋಣೆಯ ಉಸ್ತುವಾರಿ. ವಾಸ, ಊರಿಗಾಂ, ಹಳೆಯ ಗಣಿ ಲೈನ್ ಮನೆ, ಎರಡನೇ ಸಾಲು, ಕೇಂದ್ರದಿಂದ 400 ಮೀಟರ್. ಹೆಂಡತಿ ತೀರಿಹೋಗಿದ್ದಾಳೆ. ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡು ವರ್ಷ ಓದಿದ್ದೇನೆ, ಮುಗಿಸಿಲ್ಲ. ಮಧ್ಯಾಹ್ನದಿಂದ ಠಾಣೆಯಲ್ಲಿ ಕರೆಂಟ್ ಇಲ್ಲ. ಟೈಪ್ ಮಾಡಲಾಗದು, ನೀವೇ ಬರೆದುಕೊಡಿ ಎಂದು ಮೇಡಂ ಕಾಗದ ಕೊಟ್ಟು ಕಿಟಕಿಯ ಪಕ್ಕ ಕೂರಿಸಿದ್ದಾರೆ. ಈಗ ಗಂಟೆ 3-50. ಯಾರ ಒತ್ತಾಯವೂ ಇಲ್ಲದೆ, ನೆನಪಿಗೆ ಬಂದ ಕ್ರಮದಲ್ಲೇ ಬರೆದುಕೊಡುವ ಸಂಗತಿ ಇದು.

ಟ್ರಸ್ಟ್‌ನ ಕಾರ್ಯದರ್ಶಿ ಚಲಪತಿಯವರು ದಿನಾಂಕ 7-10-2025ರಂದು ಕೊಟ್ಟ ದೂರಿನಲ್ಲಿ, ನಮ್ಮ ಸರ್ವರ್ ಯಂತ್ರದ ಎರಡು ಡಿಸ್ಕ್‌ಗಳನ್ನು ಬಂಗಾರಪೇಟೆ ದೇಶಿಹಳ್ಳಿಯ ನವ್ಯ ಎಂಬ, ಕಂಪ್ಯೂಟರ್ ಸರ್ವಿಸ್ ಮಾಡುವ 34 ವರ್ಷದ ಹೆಂಗಸು ಬೇಕೆಂದೇ ಹಾಳು ಮಾಡಿದ್ದಾರೆ ಎಂದಿದೆ. ಅದಕ್ಕೆ ಆಧಾರ ನನ್ನ ರಿಜಿಸ್ಟರ್. ರಿಜಿಸ್ಟರ್ ಪ್ರಕಾರ 30-9-2025ರವರೆಗೆ ಎರಡು ಡಿಸ್ಕೂ ಸರಿಯಾಗಿದ್ದವು. 2-10-2025ರ ಬೆಳಿಗ್ಗೆ ಎರಡೂ ಸತ್ತಿದ್ದವು. ಆ ನಡುವೆ ಕಂಪ್ಯೂಟರ್ ಕೆಲಸ ಗೊತ್ತಿದ್ದು ಹೊರಗಿನಿಂದ ಬಂದವರು ನವ್ಯ ಒಬ್ಬರೇ. ಕಾರ್ಯದರ್ಶಿಯವರ ತರ್ಕ ಸರಿಯಾಗಿದೆ. ರಿಜಿಸ್ಟರ್ ಮಾತ್ರ ಸರಿಯಿಲ್ಲ. ನವ್ಯ ಅವರು ಏನೂ ಮಾಡಿಲ್ಲ ಎಂಬುದು ಈ ಕೇಂದ್ರದಲ್ಲಿ ಒಬ್ಬನಿಗೆ ಮಾತ್ರ ಗೊತ್ತು, ಆ ಒಬ್ಬ ನಾನು.

ಆ ಯಂತ್ರ ನಮ್ಮಲ್ಲಿಗೆ ಬಂದದ್ದು 2014ರ ಜೂನ್ 16ರಂದು. ಚಿನ್ನದ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದ 1,312 ಜನರ ಎದೆಯ ಚಿತ್ರಗಳು ಅದರೊಳಗಿದ್ದವು, ಒಬ್ಬೊಬ್ಬರದ್ದು ವರ್ಷಕ್ಕೊಂದರಂತೆ. ಮೊದಲ ಕೆಲವು ವರ್ಷ ಫಿಲ್ಮ್ ಕೂಡ ಇತ್ತು. ಅವು ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಂಡವು, ಎಲ್ಲ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು ಗುಜರಿಗೆ ಹಾಕಿದೆವು. ಕಲ್ಲಿನ ಧೂಳು ಎದೆಯಲ್ಲಿ ಕೂತು ವರ್ಷದಿಂದ ವರ್ಷಕ್ಕೆ ಹೇಗೆ ಹರಡಿತು ಎಂದು ನೋಡಬೇಕಾದರೆ ಚಿತ್ರಗಳನ್ನು ಸಾಲಾಗಿ ಇಡಬೇಕು. ಒಂದೇ ಚಿತ್ರ ನೋಡಿದರೆ ಕ್ಷಯ ಎಂದರೂ ಆಯಿತು, ಬೀಡಿ ಎಂದರೂ ಆಯಿತು. ಮುಂದಿನ ತಿಂಗಳು 12ರಂದು ವೈದ್ಯರ ತಂಡ ಬಂದು ಆ ಸಾಲುಗಳನ್ನು ನೋಡಿ, ಇದು ಗಣಿಯ ಧೂಳಿನ ರೋಗವೇ ಎಂದು ಬರೆದುಕೊಡುವುದಿತ್ತು.

ಬೇರೆ ಪ್ರತಿ ಇರಲಿಲ್ಲವೇ ಎಂದು ಇನ್‌ಸ್ಪೆಕ್ಟರ್ ಸಾಹೇಬರು ನಿನ್ನೆ ಕೇಳಿದರು. ಹೊರಗಿನ ಒಂದು ಚಿಕ್ಕ ಡಿಸ್ಕ್ ಇತ್ತು. ಅದು 2016ರಲ್ಲೇ ತುಂಬಿತು, ಆಮೇಲೆ ಒಂದು ಸಲ ಮೇಜಿನಿಂದ ಬಿದ್ದಿತು. ಇನ್ನೊಂದು ಬೇಕೆಂದು ನಾನು ಅರ್ಜಿ ಬರೆದೆ, ಐ ಬೆಗ್ ಟು ಸ್ಟೇಟ್ ದಟ್ ಎಂದು ಶುರು ಮಾಡಿ, ಎರಡು ಪ್ರತಿ. ಅದು ಬರಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಯಂತ್ರದೊಳಗೆ ಎಡಗಡೆ ಒಂದು, ಬಲಗಡೆ ಒಂದು ಡಿಸ್ಕ್ ಇವೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುತ್ತದೆ, ಒಂದು ಸತ್ತರೂ ಇನ್ನೊಂದು ಇರುತ್ತದೆ ಎಂದು ಎಲ್ಲರೂ ಧೈರ್ಯವಾಗಿದ್ದೆವು. ಒಂದು ಸತ್ತದ್ದು ಗೊತ್ತಾಗಲೆಂದು ಪೆಟ್ಟಿಗೆಯ ಮುಂದೆ ಪ್ರತಿ ಡಿಸ್ಕಿನ ಕೆಳಗೆ ಸಾಸಿವೆ ಕಾಳಿನಷ್ಟು ದೀಪ ಇದೆ. ಹಸಿರು ಎಂದರೆ ಸರಿ. ಕಿತ್ತಳೆ ಬಣ್ಣ ಎಂದರೆ ಆ ಡಿಸ್ಕ್ ಹೋಯಿತು, ತಕ್ಷಣ ಬದಲಿಸಬೇಕು. ಪ್ರತಿದಿನ ಬೆಳಿಗ್ಗೆ 9 ಗಂಟೆಗೆ ಆ ಎರಡು ದೀಪ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಬರೆಯುವ ಅಭ್ಯಾಸ ನನಗೆ ಗಣಿಯ ಕಂಪ್ರೆಸರ್ ಮನೆಯಿಂದ ಬಂದದ್ದು. ಅಲ್ಲಿ ಗಂಟೆಗೊಮ್ಮೆ ಗಾಳಿಯ ಒತ್ತಡದ ಮೀಟರಿನ ಮುಳ್ಳು ಎಲ್ಲಿದೆ ಎಂದು ಬರೆಯಬೇಕಿತ್ತು. ಕಾಲಂ ಖಾಲಿ ಬಿಟ್ಟವನಿಗೆ ಮೆಮೊ ಬರುತ್ತಿತ್ತು, ತಪ್ಪು ಬರೆದವನಿಗೆ ಯಾವತ್ತೂ ಬಂದದ್ದು ಕಾಣೆ.

ಈಗ ನನ್ನ ಹೆಂಡತಿ ಪುಷ್ಪಳ ವಿಷಯ ಬರೆಯಬೇಕು. ಇದು ಪ್ರಕರಣಕ್ಕೆ ಸಂಬಂಧಿಸಿದ್ದು. ಅವಳು ಅದೇ ಕೇಂದ್ರದಲ್ಲಿ ಆಯಾ ಆಗಿದ್ದಳು. ಬಂದವರ ಅಂಗಿ ಬಿಚ್ಚಿಸಿ, ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿ, ಉಸಿರು ಇಡ್ಕಳಪ್ಪಾ, ಇಡ್ಕ, ಇಡ್ಕ, ಆಂ ಬುಡು ಎಂದು ಹೇಳುವುದು ಅವಳ ಕೆಲಸ. ತಮಿಳಿನವರಿಗೆ ತಮಿಳಿನಲ್ಲಿ, ಬೇತಮಂಗಲದ ಕಡೆಯವರಿಗೆ ತೆಲುಗಿನಲ್ಲಿ. ಪ್ರತಿ ವರ್ಷ ಆಯುಧಪೂಜೆಯ ದಿನ ಎಕ್ಸ್‌ರೇ ಯಂತ್ರ, ತೂಕದ ಯಂತ್ರ, ಆಟೊ, ಸ್ಟೂಲು ಎಲ್ಲಕ್ಕೂ ತೊಳೆದು ಒರೆಸಿ ಕುಂಕುಮ ಇಡುವವಳೂ ಅವಳೇ. ಪೂಜೆಯಾದ ಮೇಲೆ ಯಾವ ಯಂತ್ರವನ್ನೂ ಮರುದಿನದವರೆಗೆ ಮುಟ್ಟಬಾರದು, ಅವಕ್ಕೆ ಅವತ್ತು ವಿಶ್ರಾಂತಿ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ಸರ್ವರ್ ಒಂದು ಮಾತ್ರ ನಡೆಯುತ್ತಲೇ ಇರುತ್ತಿತ್ತು. ಇದರ ಮೇಲೆ ನಮ್ಮಿಬ್ಬರಿಗೂ ವರ್ಷಕ್ಕೊಮ್ಮೆ ಜಗಳ. ಮಾತು ಇದ್ದ ಹಾಗೇ ಬರೆಯುತ್ತೇನೆ.

"ಸೌದೆ ಸೀಳೋ ಮಚ್ಚು ಕೂಡ ಇವತ್ತು ಗೋಡೆಗೊರಗಿ ಕೂತೈತೆ. ಇದೊಂದು ಮಾತ್ರ ಗುಯ್ ಅಂತಾ ಇರ್ಬೇಕಾ? ಇದೇನ್ ಪಾಪ ಮಾಡೈತೆ ರೀ?"

"ಇದನ್ನ ಆಫ್ ಮಾಡಂಗಿಲ್ಲ ಕಣೇ. ಇಟ್ ಹ್ಯಾಸ್ ಬೀನ್ ರನ್ನಿಂಗ್."

"ನನ್ಗೂ ಅಂಗೇ ತಾನೆ ನೀವು ಏಳೋದು. ಒಂದಿನ ಮಲ್ಗಿದ್ರೆ ಕಾಫಿ ಯಾರು ಕಾಸ್ತಾರೆ ಅಂತೀರ."

ಇಟ್ ಹ್ಯಾಸ್ ಬೀನ್ ರನ್ನಿಂಗ್ ಸಿನ್ಸ್ ಎಂಬುದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು ಹಲಗೆಯ ಮೇಲೆ ಬರೆದ ವಾಕ್ಯ. ಏನು ಓಡುತ್ತಿತ್ತು ಎಂಬುದು ಮರೆತುಹೋಗಿದೆ, ಬಹುಶಃ ನದಿ. ಅಷ್ಟನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು, ಯಂತ್ರ ಬಂದ ದಿನಾಂಕ ಸೇರಿಸಿ, ಪೆಟ್ಟಿಗೆಯ ಮೇಲೆ ಅಂಟಿಸಿದ್ದೆ. ಚೀಟಿ ಈಗಲೂ ಇದೆ, ಮಹಜರಿನಲ್ಲಿ ಬಂದಿರಬೇಕು.

ದಿನಾಂಕ 23-10-2023ರ ಆಯುಧಪೂಜೆಯ ದಿನ ಬೆಳಿಗ್ಗೆ 11 ಗಂಟೆ ಸುಮಾರಿಗೆ ಪುಷ್ಪ ಆ ಎರಡು ದೀಪಗಳ ಮೇಲೇ ಬೊಟ್ಟು ಇಟ್ಟಳು. ಬರೀ ಕುಂಕುಮ ಉದುರಿ ಹೋಗುತ್ತದೆಂದು ಗಂಧದಲ್ಲಿ ಕಲಸಿ, ಒಂದು ತೊಟ್ಟು ಹರಳೆಣ್ಣೆ ಹಾಕಿದ್ದಳು. ರಜೆ ಅಂತೂ ಕೊಡಕಿಲ್ಲ, ಎಲ್ಡ್ ಕಣ್ಣಾದ್ರೂ ಮುಚ್ಕೊಂಡಿರ್ಲಿ ಪಾಪ ಎಂದಳು. ನಾನು ನಕ್ಕೆ. ಮೊಬೈಲಿನಲ್ಲಿ ಫೋಟೊ ತೆಗೆದೆ. ಅದರಲ್ಲಿ ಅವಳೂ ಇದ್ದಾಳೆ, ಯಂತ್ರವೂ ಇದೆ, ಎರಡು ಬೊಟ್ಟೂ ಇವೆ, ದಿನಾಂಕವೂ ಇದೆ. ಫೋನನ್ನು ಈ ಹೇಳಿಕೆಯ ಜೊತೆ ಮೇಜಿನ ಮೇಲೆ ಇಟ್ಟಿದ್ದೇನೆ.

ಮರುದಿನ 24ರ ಬೆಳಿಗ್ಗೆ 9 ಗಂಟೆಗೆ ನೋಡಿದರೆ ದೀಪ ಕಾಣುವುದಿಲ್ಲ. ಒರೆಸಿದರೆ ಸಂಜೆ ಅವಳು ಮುಖ ಊದಿಸಿಕೊಳ್ಳುತ್ತಾಳೆ, ತಾನಾಗಿ ಉದುರಲಿ ಎಂದುಕೊಂಡು, ಹಿಂದಿನ ದಿನದಂತೆ ಹಸಿರು, ಹಸಿರು ಎಂದು ಬರೆದೆ. 25ರಂದೂ ಹಾಗೇ ಬರೆದೆ. ಅದು ಉದುರಲಿಲ್ಲ. ಆಮೇಲೆ ನಾನು ನೋಡುವುದನ್ನೇ ಬಿಟ್ಟೆ, ಬರೆಯುವುದನ್ನು ಮಾತ್ರ ಬಿಡಲಿಲ್ಲ. ಠಾಣೆಯಲ್ಲಿರುವ ರಿಜಿಸ್ಟರಿನಲ್ಲಿ 24-10-2023ರಿಂದ 30-9-2025ರವರೆಗೆ ದೀಪದ ಕಾಲಂನಲ್ಲಿರುವ ಪ್ರತಿಯೊಂದು ಅಕ್ಷರವೂ ನೋಡದೆ ಬರೆದದ್ದು.

ದಿನಾಂಕ 11-8-2024ರಂದು ಬೆಳಿಗ್ಗೆ 5-40ಕ್ಕೆ ಪುಷ್ಪ ತೀರಿಕೊಂಡಳು. ಹಿಂದಿನ ದಿನ ಎದೆ ಹಿಡಿದಂತಾಗಿದೆ ಎಂದಿದ್ದಳು. ಗ್ಯಾಸ್ ಇರಬೇಕು ಎಂದು ನಾನು ಹೇಳಿದ್ದೆ. ಆ ವರ್ಷ ಸಾವಿನ ಮನೆ ಎಂದು ಪೂಜೆ ಮಾಡಲಿಲ್ಲ. ಅವಳ ಸೀರೆಗಳನ್ನು ಅವಳ ತಂಗಿ ಕಲಾ ತೆಗೆದುಕೊಂಡು ಹೋದಳು, ಪಾತ್ರೆಗಳ ಮೇಲಿನ ಹೆಸರು ತಿಕ್ಕಿ ತಿಕ್ಕಿ ಮಾಸಿತು. ಅವಳ ಬೆರಳ ಗುರುತು ಎಂಬುದು ಆ ಎರಡು ಬೊಟ್ಟಿನಲ್ಲಿ ಮಾತ್ರ ಇತ್ತು. ಬಲಗಡೆಯದರಲ್ಲಿ ಗೆರೆಗಳು ಕೂಡ ಕಾಣುತ್ತವೆ. ಇದನ್ನು ಸಬೂಬು ಎಂದು ಬರೆಯುತ್ತಿಲ್ಲ.

ಈ ವರ್ಷ ಆಗಸ್ಟಿನಲ್ಲಿ ಟ್ರಸ್ಟ್‌ಗೆ ಹೊಸ ದೊಡ್ಡ ಕಂಪ್ಯೂಟರ್ ಬಂತು. ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ, ಅದನ್ನು ಹೊಸದರೊಳಗೆ ಸಾಗಿಸಬೇಕು ಎಂದು ತೀರ್ಮಾನವಾಗಿ ನವ್ಯ ಅವರನ್ನು ಕರೆಸಲಾಯಿತು. ಅವರು ದಿನಾಂಕ 20-9-2025, ಶನಿವಾರ, ಬಂಗಾರಪೇಟೆಯಿಂದ ಸುಮಾರು 14 ಕಿ.ಮೀ. ಸ್ಕೂಟರಿನಲ್ಲಿ ಬಂದು 11-10ಕ್ಕೆ ತಲುಪಿದರು. ಯಂತ್ರವನ್ನು ಸಾಗಿಸುವುದು ಎಂದರೆ ಏನು ಎಂದು ಚಲಪತಿಯವರು ಕೇಳಿದ್ದಕ್ಕೆ ಅವರು ಹೀಗೆ ಹೇಳಿದರು. "ಲೈನ್ ಮನೆ ಬದ್ಲಾಯಿಸ್ದಂಗೆ ಸಾರ್. ಈ ಲೈನಿಂದ ಆ ಲೈನಿಗೆ. ಅದೇ ಅಳತೆ, ಅದೇ ಬಾಗ್ಲು, ಮೊಳೆ ಇದ್ದ ಕಡೆ ಮೊಳೆ. ಒಳಗಿರೋರ್ಗೆ ಮನೆ ಬದ್ಲಾಗೈತೆ ಅಂತ್ಲೇ ಗೊತ್ತಾಗಕಿಲ್ಲ. ಹಳೇ ಯಂತ್ರ ಹೊಸದ್ರೊಳ್ಗೆ ತಾನಿನ್ನೂ ಹಳೇ ಪೆಟ್ಗೆಲೇ ಇದೀನಿ ಅಂದ್ಕೊಂಡು ಓಡ್ತಾ ಇರ್ತೈತೆ." ಪೆಟ್ಟಿಗೆ ಇಲ್ಲದ ಯಂತ್ರ, ವರ್ಚುವಲ್ ಮಷೀನ್ ಎಂದು ಅದಕ್ಕೆ ಹೆಸರಂತೆ. ಕಾಲೇಜಿನಲ್ಲಿ ಕನ್ನಡಿಯ ಪಾಠದಲ್ಲಿ ವರ್ಚುವಲ್ ಇಮೇಜ್ ಎಂದು ಓದಿದ್ದೆ, ಇದ್ದಂತೆ ಕಾಣುವುದು ಆದರೆ ಹಿಡಿಯಲು ಬಾರದ್ದು. ಅದನ್ನು ಹೇಳಿದೆ. ಕರೆಕ್ಟ್ ಸಾರ್ ನೀವು ಎಂದು ಅವರು ನಗುತ್ತಾ ಹೇಳಿದರು.

ಅವರು ಒಂದು ನೋಟ್ ಪುಸ್ತಕದಲ್ಲಿ ಹದಿನಾಲ್ಕು ಹಂತದ ಯೋಜನೆ ಬರೆದರು. ಪುಸ್ತಕ ಠಾಣೆಯಲ್ಲಿದೆ. ಮೊದಲನೆಯದು, ಸಾಗಿಸಿ ಮುಗಿಯುವವರೆಗೆ ಹಳೆಯ ಯಂತ್ರವನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು. ಏಕೆ ಎಂದು ನಾನು ಕೇಳಿದೆ. "ಹನ್ನೊಂದು ವರ್ಷದಿಂದ ತಿರುಗ್ತಾ ಐತೆ ಸಾರ್. ನಿಂತ್ರೆ ಮತ್ತೆ ಏಳ್ತೈತೋ ಇಲ್ವೋ. ವಯಸ್ಸಾದೋರು ನೆಲದ ಮೇಲೆ ಕೂತಂಗೆ ಇದು" ಎಂದರು. ಎರಡನೆಯದು, ಎರಡೂ ಡಿಸ್ಕಿನ ದೀಪ ಹಸಿರಾಗಿದೆಯೇ ನೋಡಬೇಕು. ಒಂದು ಕಿತ್ತಳೆಯಾಗಿದ್ದರೂ ಉಳಿದ ಹನ್ನೆರಡು ಹಂತ ಆಮೇಲೆ, ಅವತ್ತೇ ಚಿತ್ರಗಳನ್ನು ಬೇರೆ ಕಡೆ ತೆಗೆದಿಟ್ಟುಕೊಳ್ಳಬೇಕು. ಅದಕ್ಕೆಂದು ಒಂದು ಖಾಲಿ ಡಿಸ್ಕನ್ನು ಅವರು ಚೀಲದಲ್ಲಿ ತಂದೇ ಇದ್ದರು.

ಹೀಗೆ ಹೇಳಿ ಅವರು ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೊಟ್ಟು ಒರೆಸಲು ಹೆಬ್ಬೆರಳು ಚಾಚಿದರು. ನಾನು, ಅದನ್ನ ಮುಟ್ಬೇಡಮ್ಮಾ, ನಮ್ಮನೆಯವಳು ಇಟ್ಟಿದ್ದು ಎಂದೆ. ಅವರು ಬಿಸಿ ತಾಗಿದಂತೆ ಕೈ ಹಿಂದೆಗೆದುಕೊಂಡರು. ದೀಪ ನೋಡದೆ ಕಂಪ್ಯೂಟರಿನೊಳಗಿಂದಲೇ ತಿಳಿಯುವ ದಾರಿಯನ್ನು ಇಪ್ಪತ್ತು ನಿಮಿಷ ಹುಡುಕಿದರು. ಅದಕ್ಕೆ ಬೇಕಾದ ಪಾಸ್‌ವರ್ಡ್ ಯಂತ್ರ ತಂದುಕೊಟ್ಟವರಿಗೆ ಮಾತ್ರ ಗೊತ್ತಿತ್ತು, ಅವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಕೊನೆಗೆ, ಪರವಾಗಿಲ್ಲ ಸಾರ್, ನಿಮ್ಗೆ ಯಾವಾಗ ಮನಸ್ಸು ಬತ್ತೈತೋ ಆವಾಗ ನೀವೇ ಮೆತ್ತಗೆ ಒರ್ಸಿ ನೋಡಿ ಫೋನ್ ಮಾಡಿ, ಸೋಮವಾರದೊಳ್ಗೆ ಎಂದರು. ಚಲಪತಿಯವರು ದೂರಿನಲ್ಲಿ, ಅವರು ಯಂತ್ರದ ಮುಂದೆ ಕೂತು ಕೈ ಹಾಕಿದ್ದನ್ನು ಬಾಗಿಲಿನಿಂದ ಕಂಡೆ ಎಂದು ಬರೆಸಿದ್ದು ಇದನ್ನೇ.

ದಿನಾಂಕ 22-9-2025, ಸೋಮವಾರ, ಬೆಳಿಗ್ಗೆ 9-05ಕ್ಕೆ ಕರೆಂಟ್ ಹೋಯಿತು. ಯಂತ್ರ ಯುಪಿಎಸ್ ಮೇಲೆ ನಡೆಯುತ್ತಿತ್ತು, ಟ್ಯೂಬ್‌ಲೈಟ್ ಆರಿತು. ಆ ಕೋಣೆಗೆ ಕಿಟಕಿ ಇಲ್ಲ. ಕತ್ತಲಲ್ಲಿ ನಿಂತಿದ್ದಾಗ ಎಡಗಡೆಯ ಬೊಟ್ಟಿನ ಅಂಚಿನಲ್ಲಿ ನೂಲಿನಷ್ಟು ಬೆಳಕು ಕಂಡಿತು, ಹಸಿರು. ಬಲಗಡೆಯ ಬೊಟ್ಟಿನ ಅಂಚಿನಲ್ಲೂ ಕಂಡಿತು. ಅದು ಹಸಿರಲ್ಲ. ಕೆಂಪು ಕುಂಕುಮದ ಮೂಲಕ ಬರುವ ಬೆಳಕು ಹಾಗೆಯೇ ಕಾಣುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಎಡಗಡೆಯದೂ ಅದೇ ಕುಂಕುಮ ಎಂಬುದು ಆಗಲೂ ಗೊತ್ತಿತ್ತು. ಮೂರ್ನಾಲ್ಕು ನಿಮಿಷ ನಿಂತಿದ್ದೆ. ಕರೆಂಟ್ ಬಂತು. 9-40ಕ್ಕೆ ನವ್ಯ ಅವರೇ ಫೋನ್ ಮಾಡಿದರು.

"ನೋಡಿದ್ರಾ ಸಾರ್? ಎಲ್ಡೂ ಹಸಿರಾ?"

"ಎರಡೂ ಹಸಿರು."

"ಬೇಜಾರ್ ಮಾಡ್ಕೋಬೇಡಿ, ಇನ್ನೊಂದ್ ಸಲ ಕೇಳ್ತೀನಿ. ಕಣ್ಣಾರೆ ನೋಡಿದ್ರಾ?"

"ನೋಡ್ದೆ ಬರಿಯೋನಲ್ಲಮ್ಮ ನಾನು. ಕಂಪ್ರೆಸರ್ ಮನೇಲಿ ಹದಿನಾಲ್ಕು ವರ್ಷ ಬರ್ದಿದೀನಿ."

"ಅಂಗಾದ್ರೆ ಅರ್ಜೆಂಟಿಲ್ಲ ಸಾರ್. ಹಬ್ಬ ಮುಗೀಲಿ, ನಾಲ್ಕನೇ ತಾರೀಕು ಶನಿವಾರ ಮಾಡಾನ."

ಅವತ್ತು ಕಿತ್ತಳೆ ಎಂದು ಒಂದು ಮಾತು ಹೇಳಿದ್ದರೆ ಅವರು ಊಟದ ಹೊತ್ತಿಗೆ ಬಂದು ಎಲ್ಲ ಚಿತ್ರಗಳನ್ನೂ ತೆಗೆದಿಡುತ್ತಿದ್ದರು. ಎಡಗಡೆಯದು ಆಗ ಇನ್ನೂ ಬದುಕಿತ್ತು.

ದಿನಾಂಕ 1-10-2025, ಬುಧವಾರ, ಆಯುಧಪೂಜೆ. 10-30ಕ್ಕೆ ಪೂಜೆ ಆಯಿತು. ಗಣಿಯಲ್ಲಿ 24 ವರ್ಷ ನೆಲದಡಿ ಕೆಲಸ ಮಾಡಿದ, 71 ವರ್ಷದ ಸೆಲ್ವರಾಜ್ ಒಂದು ಮೊಳ ಮಲ್ಲಿಗೆ ತಂದು ಯಂತ್ರಕ್ಕೆ ಹಾಕಿದರು. ಗೇಟಿನಿಂದ ಕೋಣೆಗೆ 30 ಮೀಟರ್, ಅಷ್ಟಕ್ಕೆ ಅವರು ಎರಡು ಕಡೆ ನಿಂತರು. "ನಂದು ಹನ್ನೊಂದು ಫೋಟೊನೂ ಹೊಸ ಮನೆಗೆ ಓಗ್ತೈತಾ ಕೋದಂಡಣ್ಣಾ? ಜೋಪಾನ. ನನ್ನೆದೆ ಒಳ್ಗೆ ಇನ್ನೂ ಎಷ್ಟು ಕಲ್ಲೈತೆ ಅಂತ ಕಂಪ್ನಿಗೆ ಗೊತ್ತಾದ್ರೆ ಇಲ್ಲೇ ಬಾವಿ ತೋಡ್ತಾರೆ" ಎಂದು ಎದೆ ತಟ್ಟಿಕೊಂಡು ನಕ್ಕರು. ನಗು ಕೆಮ್ಮಾಗಿ ಅರ್ಧ ಲೋಟ ನೀರು ಕುಡಿಸಬೇಕಾಯಿತು. ಎಲ್ಲ ಹೋಗುತ್ತದೆ ಎಂದು ನಾನು ಹೇಳಿದೆ. 1 ಗಂಟೆಗೆ ಎಲ್ಲರೂ ಮನೆಗೆ ಹೋದರು. ಬೀಗ ಹಾಕಬೇಕಾದ್ದರಿಂದ ನಾನು ಉಳಿದೆ.

ಮೂರು ದಿನ ಕಳೆದರೆ ಆ ಪೆಟ್ಟಿಗೆ ಗುಜರಿಗೆ ಹೋಗುತ್ತದೆ, ಇದು ಅದರ ಕೊನೆಯ ಆಯುಧಪೂಜೆ ಎಂದು ಆಗ ಹೊಳೆಯಿತು. ಇನ್ನು ಮುಂದೆ ಅದು ಪೆಟ್ಟಿಗೆಯೇ ಇಲ್ಲದ ಯಂತ್ರ, ಬೊಟ್ಟು ಇಡಲು ಹಣೆಯೂ ಇಲ್ಲ, ಕೊಡಲು ರಜೆಯೂ ಇಲ್ಲ. ಹತ್ತು ವರ್ಷ ಅವಳು ಕೇಳಿದ್ದು ಒಂದೇ ದಿನ. ಎರಡೂ ಡಿಸ್ಕ್ ಚೆನ್ನಾಗಿವೆ ಎಂದು ನಾನೇ ಬರೆದಿದ್ದೆ, ಬರೆದು ಬರೆದು ಅದನ್ನು ನಂಬಿಯೂ ಇದ್ದೆ ಎಂದು ಕಾಣುತ್ತದೆ. ಮಧ್ಯಾಹ್ನ 2 ಗಂಟೆ 10 ನಿಮಿಷಕ್ಕೆ ಸರಿಯಾಗಿ, ಕ್ರಮ ಪ್ರಕಾರ, ಶಟ್ ಡೌನ್ ಒತ್ತಿದೆ. ಫ್ಯಾನಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಆ ಕೋಣೆಯ ಗೋಡೆ ಗಡಿಯಾರಕ್ಕೆ ಸದ್ದಿದೆ ಎಂದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ಒಂದಾದ್ರೂ ನಿನ್ ಮಾತು ನಡೀತು ನೋಡು ಎಂದು ಹೇಳಿದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಮೇಲೆ ಟ್ಯೂಬ್‌ಲೈಟ್ ಆರಿಸಿ, ಬಾಗಿಲು ಎಳೆದುಕೊಂಡು ಜಗಲಿಗೆ ಬಂದೆ.

ಅದೇ ಸಂಜೆ 4-15ಕ್ಕೆ ನವ್ಯ ಅವರು ಬಂದದ್ದು ನಿಜ, ಗೇಟಿನ ಕ್ಯಾಮೆರಾದಲ್ಲಿ ಚೀಲದ ಸಮೇತ ಕಾಣುತ್ತಾರೆ. ನಾನೇ ಪ್ರಸಾದಕ್ಕೆ ಕರೆದಿದ್ದೆ. ಅವರು ಜಗಲಿಯಲ್ಲಿ ಕೂತು ಕಡ್ಲೆಪುರಿ ತಿಂದರು. ಕೋಣೆಯ ಒಳಗೆ ಹೋಗಲಿಲ್ಲ. ಓಡ್ತಾ ಐತಾ ಸಾರ್ ಎಂದು ಕೇಳಿದರು. ಓಡ್ತಾ ಇದೆ ಎಂದೆ. ಮಕ್ಕಳಿಗೆಂದು ಉಳಿದ ಪುರಿಯನ್ನು ಪೊಟ್ಟಣ ಕಟ್ಟಿಸಿಕೊಂಡು 4-40ಕ್ಕೆ ಹೋದರು. ಚೀಲದಲ್ಲಿ ಅವರು ಒಯ್ದದ್ದು ಅಷ್ಟೇ.

ದಿನಾಂಕ 2-10-2025ರಂದು ರಜೆ ಇದ್ದರೂ ಬೆಳಿಗ್ಗೆ 9-05ಕ್ಕೆ ಹೋಗಿ ಯಂತ್ರ ಆನ್ ಮಾಡಿದೆ. ಫ್ಯಾನ್ ತಿರುಗಿತು. ಒಳಗಿನಿಂದ ಟಕ್ ಎಂಬ ಸದ್ದು ಬಂತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಆಮೇಲೆ ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ ಒಂದು. ಪರದೆಯ ಮೇಲೆ ನೋ ಬೂಟ್ ಡಿವೈಸ್ ಎಂದಿತ್ತು, ಯಂತ್ರಕ್ಕೆ ಯಾವ ಡಿಸ್ಕೂ ಸಿಗುತ್ತಿಲ್ಲ ಎಂದರ್ಥ. 9-20ಕ್ಕೆ ನವ್ಯ ಅವರಿಗೆ ಫೋನ್ ಮಾಡಿದೆ, ಅವರು 10-25ಕ್ಕೆ ಬಂದರು. ಪೆಟ್ಟಿಗೆಗೆ ಕಿವಿ ಇಟ್ಟು ಕೇಳಿದರು. ಎದ್ದಾಗ ಮುಖ ಬೇರೆಯಾಗಿತ್ತು. "ಆಫ್ ಮಾಡಿದ್ರಾ ಸಾರ್?" ಎಂದರು. ಕರೆಂಟ್ ಹೋಗಿತ್ತು, ಯುಪಿಎಸ್ ಕೈ ಕೊಟ್ಟಿರಬೇಕು ಎಂದೆ. "ನಿಮ್ ತಪ್ಪೇನೈತೆ ಬುಡಿ ಸಾರ್. ನಾನೇ ಆವತ್ತೇ ತೆಗೆದಿಟ್ಕಬೇಕಿತ್ತು" ಎಂದು ಅವರು ಹೇಳಿದರು. ಮರುದಿನ ಡಿಸ್ಕ್‌ಗಳನ್ನು ಅವರೇ ಬೆಂಗಳೂರಿಗೆ, ಸತ್ತ ಡಿಸ್ಕಿನಿಂದ ದಾಖಲೆ ತೆಗೆಯುವವರ ಬಳಿಗೆ, ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಕೊಂಡೊಯ್ದರು.

6ನೇ ತಾರೀಕು ಅಲ್ಲಿಂದ ಉತ್ತರ ಬಂತು. ಎಡಗಡೆಯದು ನಿಂತು ಮತ್ತೆ ಏಳುವಾಗ ಒಳಗಿನ ತಟ್ಟೆಯನ್ನೇ ಗೀಚಿಕೊಂಡಿದೆ. ಬಲಗಡೆಯದು ಬಹಳ ಹಿಂದೆಯೇ ಸತ್ತಿದೆ, ಎಷ್ಟು ಹಿಂದೆ ಎಂದು ಹೇಳಲು ಬರುವುದಿಲ್ಲ. ಎರಡರಿಂದಲೂ ಏನೂ ತೆಗೆಯಲಾಗದು. ಚಲಪತಿಯವರು ರಿಜಿಸ್ಟರ್ ತೆರೆದು, ಬಹಳ ಹಿಂದೆ ಎಂದರೇನು, 30ರವರೆಗೆ ಎರಡೂ ಹಸಿರು ಎಂದು ಕೋದಂಡಪ್ಪನವರು ಬರೆದಿದ್ದಾರಲ್ಲ, ಬಲಗಡೆಯದನ್ನು ತೆಗೆದು ಸತ್ತದ್ದೊಂದನ್ನು ಆ ಹೆಂಗಸೇ ಇಟ್ಟಿರಬೇಕು ಎಂದರು. ನಾನು ಅಲ್ಲೇ ಕುರ್ಚಿಯ ಹಿಂದೆ ನಿಂತಿದ್ದೆ.

ಅದೇ ದಿನ 12-15ಕ್ಕೆ ಸೆಲ್ವರಾಜ್ ಬಂದರು. ನಾನೇ ವಿಷಯ ತಿಳಿಸಿದೆ. ಅವರು, "ಅಂಗಾದ್ರೆ ನಾನು ಮೊದ್ಲಿಂದ ಸಾಯಾಕೆ ಶುರು ಮಾಡ್ಬೇಕಾ ಅಣ್ಣಾ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ ನಿಜವಾಗಿ ಕೇಳಿದರೋ ನನಗೆ ಗೊತ್ತಾಗಲಿಲ್ಲ. ಹೊಸದಾಗಿ ಒಂದು ಚಿತ್ರ ತೆಗೆದೆವು. ಒಂದೇ ಇದೆ.

ನಿನ್ನೆ ನನ್ನ ಹೇಳಿಕೆ ಮುಗಿದು 5-15ಕ್ಕೆ ಹೊರಗೆ ಬಂದಾಗ ನವ್ಯ ಅವರು ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಬೆಳಿಗ್ಗೆ 10ಕ್ಕೆ ಬಂದವರು. ಮಡಿಲಲ್ಲಿ ಸ್ಟೀಲ್ ಡಬ್ಬಿ ಇತ್ತು, ತೆರೆದಿರಲಿಲ್ಲ. ಅವರ ಫೋಟೊ ಎರಡು ದಿನದಿಂದ ರಾಬರ್ಟ್‌ಸನ್‌ಪೇಟೆಯ ಮೊಬೈಲ್‌ಗಳಲ್ಲೆಲ್ಲ ತಿರುಗುತ್ತಿದೆ. ಅವರು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಎರಡು ಶಾಲೆಯವರು ಇನ್ನು ಬರಬೇಡಿ ಎಂದಿದ್ದಾರೆ. ನನ್ನನ್ನು ಕಂಡು ಎದ್ದು ನಿಂತರು.

"ಊಟ ಆಯ್ತಾ ಸಾರ್?"

ಆಯಿತು ಎಂದೆ. ಆಗಿರಲಿಲ್ಲ.

"ಒಂದ್ ಮಾತು ಸಾರ್. ಮಹಜರ್ ಮಾಡೋವಾಗ ಆ ಬೊಟ್ಟು ಒರ್ಸಿ ಅಂದ್ರು. ಬ್ಯಾಡ ಅಂತ ಕೈ ಮುಗ್ದೆ. ಅದು ಪುಷ್ಪಮ್ಮೋರು ಇಟ್ಟಿದ್ದು, ಒರ್ಸಿದ್ರೆ ಸಾರ್‌ಗೆ ಬ್ಯಾಸ್ರ ಆಗ್ತೈತೆ, ನನ್ ಕೇಸ್‌ಗೆ ಅದರಿಂದ ಏನೂ ಆಗ್ಬೇಕಿಲ್ಲ ಅಂದೆ. ಬುಟ್ರು. ಅಂಗೇ ಐತೆ ಸಾರ್, ಯೋಚ್ನೆ ಮಾಡ್ಬೇಡಿ."

ಅವರ ಕೇಸಿಗೆ ಬೇಕಾದದ್ದು ಅದೊಂದೇ. ನಾನು ಮನೆಗೆ ನಡೆದೆ, 1,100 ಮೀಟರ್. ಒಲೆ ಹಚ್ಚಲಿಲ್ಲ.

ಇವತ್ತು ಇದನ್ನು ಬರೆದುಕೊಟ್ಟರೂ ಯಾರ ಎದೆಯ ಚಿತ್ರವೂ ವಾಪಸ್ ಬರುವುದಿಲ್ಲ. ಮುಂದಿನ ತಿಂಗಳ 12ನೇ ತಾರೀಕು ವೈದ್ಯರು ಬರುತ್ತಾರೆ, ಒಂದೊಂದೇ ಚಿತ್ರ ನೋಡುತ್ತಾರೆ, ಹೋಗುತ್ತಾರೆ. ಶಾಲೆಯವರು ನವ್ಯ ಅವರನ್ನು ಮತ್ತೆ ಕರೆಯುತ್ತಾರೆಂದು ನನಗೆ ಅನಿಸುವುದಿಲ್ಲ. ಮೊಬೈಲಿನಲ್ಲಿ ತಿರುಗಿದ ಫೋಟೊ ಹಿಂದಕ್ಕೆ ತಿರುಗಿದ್ದನ್ನು ನಾನು ಕಂಡಿಲ್ಲ. ಆದರೂ ಬಲಗಡೆಯ ದೀಪ ಎರಡು ವರ್ಷದಿಂದ ಯಾರಿಗೂ ಕಾಣುವಂತಿರಲಿಲ್ಲ ಎಂಬುದು ದಾಖಲಾಗಬೇಕು.

ಮಹಜರಿನಲ್ಲಿ ವಶಪಡಿಸಿಕೊಂಡ ಯಂತ್ರ ಇದೇ ಕೋಣೆಯಲ್ಲಿ, ನನ್ನಿಂದ ಸುಮಾರು ಎಂಟು ಅಡಿ ದೂರ, ಬೀರುವಿನ ಪಕ್ಕದ ನೆಲದ ಮೇಲಿದೆ. ಮಲ್ಲಿಗೆ ಒಣಗಿ ಹಾಗೇ ಇದೆ. ಅದರ ಮೇಲಿನ ಎರಡು ಬೊಟ್ಟುಗಳನ್ನು ಪಂಚರ ಎದುರಿಗೆ, ಫೋನಿನಲ್ಲಿರುವ 2023ರ ಫೋಟೊದ ಜೊತೆ ತಾಳೆ ನೋಡಿ, ಆಮೇಲೆ ಒರೆಸಿ, ಕೆಳಗೆ ದೀಪ ಇರುವುದನ್ನು ಬರೆದುಕೊಳ್ಳಲು ನನ್ನ ಒಪ್ಪಿಗೆ ಇದೆ. ಎರಡನ್ನೂ. ಒರೆಸುವವರು ಬೇರೆ ಯಾರಾದರೂ ಆದರೆ ಒಳ್ಳೆಯದು. ಒದ್ದೆ ಬಟ್ಟೆಗೆ ಹೋಗದು, ಹರಳೆಣ್ಣೆ ಹಾಕಿದ್ದಾಳೆ, ಸೀಗೆಪುಡಿ ಬೇಕಾಗುತ್ತದೆ.

ಸಾಲು ಓರೆಯಾಗುತ್ತಿದೆ. ಈಗ ನೋಡಿದರೆ ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಗಂಟೆ 5-55, ಕರೆಂಟ್ ಇನ್ನೂ ಬಂದಿಲ್ಲ. ಮೇಡಂ ಮೊಬೈಲ್ ಟಾರ್ಚ್ ಹಿಡಿಯಲೇ ಎಂದು ಕೇಳಿದರು. ಬೇಡ, ಒಂದು ನಿಮಿಷ ಇರಿ ಎಂದಿದ್ದೇನೆ. ಅವತ್ತು ಆ ಕೋಣೆಯಲ್ಲಿದ್ದಷ್ಟೇ ಕತ್ತಲು ಈಗ ಬೀರುವಿನ ಪಕ್ಕದಲ್ಲಿದೆ. ನೋಡಿಯೇ ಬರೆಯುತ್ತಿದ್ದೇನೆ. ಎಡಗಡೆಯ ಬೊಟ್ಟಿನ ಅಂಚಿನಲ್ಲಿ ಏನೂ ಇಲ್ಲ. ಬಲಗಡೆಯದರಲ್ಲೂ ಏನೂ ಇಲ್ಲ.

ನಿನ್ನೆಯ ಹಾಳೆಗೂ ಇವತ್ತಿನ ಹಾಳೆಗೂ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲೆಲ್ಲ ಇವತ್ತಿನದ್ದೇ ನಿಜ. ಬರೆದದ್ದನ್ನು ಮತ್ತೆ ಓದಿ ನೋಡಲು ಬೆಳಕು ಸಾಲದ್ದರಿಂದ ಓದಿಲ್ಲ. ಓದದೆಯೇ ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಊರಿಗಾಂ
ದಿನಾಂಕ: 9-10-2025

(ಸಹಿ) ಕೋದಂಡಪ್ಪ

ನನ್ನ ಎದುರಿಗೆ ಬರೆದುಕೊಟ್ಟದ್ದು: ಶ್ಯಾಮಲ, ಹೆಡ್ ಕಾನ್‌ಸ್ಟೆಬಲ್